ಹಿರಿಯರು ವರ್ಸಸ್ ಕಿರಿಯರು: ಟಿವಿ ಆಟದಲ್ಲಿ ನಡುವಯಸ್ಸಿನವರು ಎಲ್ಲಿ ಹೋದರು?

2010ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿ ತನ್ನ ‘ಸರ್ವೈವರ್’ ಆಟದ 21ನೇ ಸೀಸನ್‌ಗೆ ಇಪ್ಪತ್ತು ಜನರನ್ನು ನಿಕರಾಗುವಾ ದೇಶದ ಕಡಲತೀರಕ್ಕೆ ಕರೆದುಕೊಂಡು ಹೋಯಿತು. ಹತ್ತು ಜನರ ಒಂದು ತಂಡ, ಹೆಸರು ಎಸ್ಪಾಡಾ. ಅದರಲ್ಲಿದ್ದವರೆಲ್ಲ 40 ದಾಟಿದವರು. ಇನ್ನೊಂದು ತಂಡ ಲಾ ಫ್ಲೋರ್. ಅದರಲ್ಲಿದ್ದವರಿಗೆಲ್ಲ 30 ಅಥವಾ ಅದಕ್ಕಿಂತ ಕಡಿಮೆ ವಯಸ್ಸು. ಹಿರಿಯರು ಗೆಲ್ತಾರಾ, ಕಿರಿಯರು ಗೆಲ್ತಾರಾ ಅನ್ನುವ ಪ್ರಶ್ನೆಯನ್ನು ಮುಂದಿಟ್ಟು ಆ ಸೀಸನ್ನನ್ನು ಮಾರಿದರು.

ಆ ವಯಸ್ಸಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ. 31ರಿಂದ 39ರವರೆಗಿನವರು ಒಬ್ಬರೂ ಇಲ್ಲ. ಒಂದು ಕಡೆ 21ರ ಹುಡುಗ, ಇನ್ನೊಂದು ಕಡೆ 67ರ ಜಿಮ್ಮಿ ಜಾನ್ಸನ್. ಜಾನ್ಸನ್ ಅಂದರೆ ಡಲ್ಲಾಸ್ ಕೌಬಾಯ್ಸ್ ತಂಡಕ್ಕೆ ಎರಡು ಸೂಪರ್ ಬೌಲ್ ಗೆದ್ದುಕೊಟ್ಟ ಅಮೆರಿಕನ್ ಫುಟ್‌ಬಾಲ್ ಕೋಚ್. ನಡುವಿನ ಈ ವಯಸ್ಸಿನವರನ್ನು ಆಯ್ಕೆಯಲ್ಲೇ ಬಿಟ್ಟರು. ಈ ಲೇಖನದಲ್ಲಿ ನಾನು ಹೇಳಬೇಕಾದ್ದರ ಬುಡ ಇಲ್ಲೇ ಇದೆ. ತಲೆಮಾರುಗಳ ನಡುವಿನ ಕಂದಕವನ್ನು ಟಿವಿ ನಮಗೆ ತೋರಿಸುತ್ತದೆ ಅಂದುಕೊಳ್ಳುತ್ತೇವೆ. ಆದರೆ ಎಷ್ಟೋ ಸಲ ಆ ಕಂದಕ ಕ್ಯಾಮೆರಾ ಶುರುವಾಗುವ ಮೊದಲೇ, ಯಾರನ್ನು ಕರೆಯಬೇಕು ಯಾರನ್ನು ಬಿಡಬೇಕು ಎಂಬ ಪಟ್ಟಿಯಲ್ಲೇ ತಯಾರಾಗಿರುತ್ತದೆ. ಇವತ್ತು ಫೋನ್ ತೆಗೆದರೆ ಸಾಕು, ‘ಬೂಮರ್’ ಅಂತ ಹಿರಿಯರನ್ನು ಒಬ್ಬರು, ‘ಜೆನ್ ಝೀ ಸೋಮಾರಿಗಳು’ ಅಂತ ಕಿರಿಯರನ್ನು ಇನ್ನೊಬ್ಬರು ಬೈದಾಡುವುದು ಕಾಣುತ್ತದೆ. ಆ ಜಗಳ ಹೇಗೆ ಕಟ್ಟಲ್ಪಡುತ್ತದೆ ಅಂತ ತಿಳಿಯಲು ಈ ಆಟಗಳಿಗಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಯಾಕೆಂದರೆ ಇಲ್ಲಿ ನಿಯಮ, ವಯಸ್ಸು, ಸೋಲು, ಗೆಲುವು ಎಲ್ಲ ದಾಖಲಾಗಿವೆ.

ಆಟ ನೋಡದವರಿಗೆ ನಿಯಮ ಚಿಕ್ಕದಾಗಿ ಹೇಳುತ್ತೇನೆ. ತಂಡಗಳು ಪಂದ್ಯ ಆಡುತ್ತವೆ. ಸೋತ ತಂಡ ರಾತ್ರಿ ಸಭೆ ಸೇರಿ ತನ್ನವರಲ್ಲೇ ಒಬ್ಬರನ್ನು ವೋಟು ಹಾಕಿ ಹೊರಗೆ ಕಳಿಸಬೇಕು. ಸುಮಾರು ಅರ್ಧ ದಾರಿಯಲ್ಲಿ ತಂಡಗಳು ಸೇರಿ ಒಂದಾಗುತ್ತವೆ. ಆಮೇಲೆ ಪ್ರತಿಯೊಬ್ಬರೂ ತಮ್ಮ ತಮ್ಮ ಪಾಡಿಗೆ. ಕೊನೆಗೆ ಉಳಿದವರಲ್ಲಿ ಯಾರು ಗೆಲ್ಲಬೇಕು ಅಂತ ಹೊರಹೋದವರೇ ವೋಟು ಹಾಕಿ ತೀರ್ಮಾನಿಸುತ್ತಾರೆ. ಈ ಸೀಸನ್‌ಗಳಲ್ಲಿ 39 ದಿನದ ಆಟ, ಗೆದ್ದವರಿಗೆ 10 ಲಕ್ಷ ಡಾಲರ್.

ನಿಕರಾಗುವಾದಲ್ಲಿ ಶುರುವಿನಲ್ಲಿ ಎಲ್ಲರೂ ಊಹಿಸಿದ ಹಾಗೇ ಆಯಿತು. ಮೊದಲು ಹೊರಹೋದ ನಾಲ್ವರಲ್ಲಿ ಮೂವರು ಹಿರಿಯರ ತಂಡದವರು. ಜಾನ್ಸನ್ ಮೂರನೆಯವರಾಗಿ ಹೊರಟರು. ಓಡುವುದು, ಎಳೆಯುವುದು, ಹೊರುವುದು ಜಾಸ್ತಿ ಇರುವ ಪಂದ್ಯಗಳಲ್ಲಿ 63 ವರ್ಷದ, ಮಂಡಿ ನೋವಿನ ಡ್ಯಾನ್ ಲೆಂಬೋ ಇರುವ ತಂಡಕ್ಕೆ ಕಷ್ಟ ಆಗುವುದು ಸಹಜ. ಇಷ್ಟನ್ನೇ ನೋಡಿ ಟಿವಿ ಆರಿಸಿದವರಿಗೆ ‘ವಯಸ್ಸಾದವರು ಸೋತರು’ ಅನ್ನುವ ಕಥೆ ಸಿಕ್ಕಿರುತ್ತದೆ.

ಕೊನೆಯ ಆರು ಜನರ ಪಟ್ಟಿ ನೋಡಿದರೆ ಮಾತ್ರ ಬೇರೆ ಕಥೆ. ಜೇನ್ ಬ್ರೈಟ್, 56 ವರ್ಷ. ಡ್ಯಾನ್ ಲೆಂಬೋ, ಅದೇ 63ರ ಮನುಷ್ಯ. ಹಾಲಿ ಹಾಫ್‌ಮನ್, 44. ಈ ಮೂವರೂ ಎಸ್ಪಾಡಾದವರು. ಉಳಿದ ಮೂವರು ಲಾ ಫ್ಲೋರ್‌ನವರು: ಚೇಸ್ ರೈಸ್, ಸ್ಯಾಶ್ ಲೆನಹನ್, ಮತ್ತು ‘ಫ್ಯಾಬಿಯೊ’ ಅಂತ ಎಲ್ಲರೂ ಕರೆಯುತ್ತಿದ್ದ ಜಡ್ ಬಿರ್ಜಾ. ಹತ್ತು-ಹತ್ತರಲ್ಲಿ ಶುರುವಾದ ಆಟ ಕೊನೆಯ ಆರಕ್ಕೆ ಬಂದಾಗ ಮೂರು-ಮೂರು! ಗೆದ್ದವನು 21ರ ಫ್ಯಾಬಿಯೊ, 5-4-0 ವೋಟಿನಲ್ಲಿ, ಆವರೆಗಿನ ಅತಿ ಕಿರಿಯ ವಿಜೇತ. ಹಾಗಂತ ಕಿರಿಯರ ತಂಡ ಒಗ್ಗಟ್ಟಾಗಿ ಅವನನ್ನು ಗೆಲ್ಲಿಸಿತು ಅಂತಲ್ಲ. ಎದುರಿಗೆ ಕೂತಿದ್ದ ಇಬ್ಬರೂ ಅವನ ತಂಡದವರೇ.

ಇದು ಹೇಗಾಯಿತು ಅನ್ನುವುದು ಕುತೂಹಲದ ವಿಷಯ. ಜೇನ್ ನಾರ್ತ್ ಕ್ಯಾರೊಲೈನಾ ರಾಜ್ಯದವರು. 24ರ ಚೇಸ್ ಕೂಡ ಅಲ್ಲಿಯವನೇ. ತಂಡಗಳು ಒಂದಾದ ಮೇಲೆ ಈ ಇಬ್ಬರೂ ಹತ್ತಿರವಾದರು. ‘ನಮ್ಮ ಕಡೆಯವರು’ ಅನ್ನುವ ನಂಟು ಮೂವತ್ತು ವರ್ಷದ ಅಂತರವನ್ನು ದಾಟಿತು. ಬಳ್ಳಾರಿಯವರೊಬ್ಬರು ದುಬೈನಲ್ಲಿ ಇನ್ನೊಬ್ಬ ಬಳ್ಳಾರಿಯವರನ್ನು ಕಂಡರೆ ಮೊದಲು ವಯಸ್ಸು ಕೇಳುವುದಿಲ್ಲವಲ್ಲ. ಹಾಲಿಯ ಕಥೆಯೂ ಇದೆ. ಮೊದಲ ದಿನಗಳಲ್ಲೇ ಆಕೆ ಕುಸಿದುಹೋಗಿದ್ದರು. ಡ್ಯಾನ್ ಅವರ ದುಬಾರಿ ಶೂಗಳಲ್ಲಿ ಮರಳು ತುಂಬಿ ನೀರಿನಲ್ಲಿ ಮುಳುಗಿಸಿದರು, ಆಟ ಬಿಟ್ಟು ಹೋಗುತ್ತೇನೆ ಅಂದರು. ಜಾನ್ಸನ್ ಕೂರಿಸಿ ಮಾತಾಡಿದ ಮೇಲೆ ಉಳಿದುಕೊಂಡರು, ನಾಲ್ಕನೇ ಸ್ಥಾನದವರೆಗೆ ಬಂದರು. ಅದೇ ಸೀಸನ್ನಿನಲ್ಲಿ ನಿಜವಾಗಿಯೂ ಆಟ ಬಿಟ್ಟು ಹೊರಟ ಇಬ್ಬರೂ ಕಿರಿಯರ ತಂಡದವರು. ಇದನ್ನು ಹಿಡಿದುಕೊಂಡು ‘ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ’ ಅಂತ ಭಾಷಣ ಶುರು ಮಾಡಬೇಡಿ. ಮಳೆಯಲ್ಲಿ ನೆನೆದು, ಹಸಿದು, ಇನ್ನು ಆಗಲ್ಲ ಅಂದವರು ಅವರಿಬ್ಬರು, ಅಷ್ಟೇ. ಇಬ್ಬರ ನಿರ್ಧಾರವನ್ನು ಇಡೀ ತಲೆಮಾರಿನ ತಲೆಗೆ ಕಟ್ಟುವುದೇ ಈ ಆಟಗಳು ನಮಗೆ ಕಲಿಸುವ ಕೆಟ್ಟ ಅಭ್ಯಾಸ.

ಆರು ವರ್ಷ ಬಿಟ್ಟು, 2016ರಲ್ಲಿ, ಇದೇ ಯೋಚನೆಗೆ ಹೊಸ ಹೆಸರು ಬಂತು: ‘ಮಿಲೆನಿಯಲ್ಸ್ ವರ್ಸಸ್ ಜೆನ್ ಎಕ್ಸ್’. ಜಾಗ ಫಿಜಿ. ಮಿಲೆನಿಯಲ್ಸ್ ತಂಡದ ವಯಸ್ಸು 18ರಿಂದ 31, ಜೆನ್ ಎಕ್ಸ್ ತಂಡದ್ದು 33ರಿಂದ 52. ಶುರುವಿನಲ್ಲೇ ಝೀನಾ ಚಂಡಮಾರುತ ಬಂತು, ಎಲ್ಲರನ್ನೂ ಸುರಕ್ಷಿತ ಜಾಗಕ್ಕೆ ಸಾಗಿಸಬೇಕಾಯಿತು. ಅದಕ್ಕೂ ಮೊದಲು ಹಿರಿಯರು ಗುಡಿಸಲು ಕಟ್ಟುವುದಕ್ಕೆ ಇಳಿದರು, ಕಿರಿಯರು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಈ ದೃಶ್ಯ ಕಾರ್ಯಕ್ರಮದವರಿಗೆ ಬೇಕಾಗಿತ್ತು, ಸಿಕ್ಕಿತು. ನಿರೂಪಕ ಜೆಫ್ ಪ್ರೋಬ್‌ಸ್ಟ್ ಪ್ರತಿ ಸಭೆಯಲ್ಲೂ ‘ನಿಮ್ಮ ತಲೆಮಾರಿನವರು ಹೀಗೇನಾ’ ಅನ್ನುವ ಧಾಟಿಯ ಪ್ರಶ್ನೆಗಳನ್ನು ಎತ್ತುತ್ತಲೇ ಇದ್ದರು, ಆಟಗಾರರೂ ತಮ್ಮ ಒಂದೊಂದು ನಡೆಯನ್ನೂ ತಲೆಮಾರಿನ ಹೆಸರಿನಲ್ಲಿ ವಿವರಿಸಲು ಶುರು ಮಾಡಿದರು.

ಫಲಿತಾಂಶ? ತಂಡಗಳು ಒಂದಾದಾಗ ಉಳಿದವರು 13 ಜನ: ಏಳು ಮಿಲೆನಿಯಲ್, ಆರು ಜೆನ್ ಎಕ್ಸ್. ಕಿರಿಯರು ಏಳು ಜನ ಒಟ್ಟಿಗೆ ನಿಂತಿದ್ದರೆ ಆರು ಹಿರಿಯರನ್ನು ಒಬ್ಬೊಬ್ಬರಾಗಿ ಕಳಿಸಬಹುದಿತ್ತು. ನಿಲ್ಲಲಿಲ್ಲ. ಆ ಮೊದಲ ವೋಟಿನಲ್ಲಿ ಹೊರಹೋದದ್ದೇ ಒಬ್ಬ ಮಿಲೆನಿಯಲ್. ಮದುವೆ ಮನೆಯಲ್ಲಿ ಹೆಣ್ಣಿನ ಕಡೆ, ಗಂಡಿನ ಕಡೆ ಅಂತ ಬೇರೆ ಬೇರೆ ಕೂತವರು ಊಟದ ಪಂಕ್ತಿಯಲ್ಲಿ ಬೆರೆತುಹೋಗುವ ಹಾಗೆ, ಗೆರೆ ಅಳಿಸಿಹೋಯಿತು. ಕೊನೆಯ ಆರು ಜನ ಮತ್ತೆ ಮೂರು-ಮೂರು: ಆಡಮ್ ಕ್ಲೈನ್, ಹ್ಯಾನಾ ಶಪಿರೊ, ಜೇ ಸ್ಟಾರೆಟ್ ಒಂದು ಕಡೆಯವರು, ಡೇವಿಡ್ ರೈಟ್, ಬ್ರೆಟ್ ಲಬೆಲ್, ಕೆನ್ ಮೆಕ್‌ನಿಕಲ್ ಇನ್ನೊಂದು ಕಡೆಯವರು. 25ರ ಆಡಮ್‌ಗೆ ಹತ್ತಕ್ಕೆ ಹತ್ತೂ ವೋಟು ಬಂದವು. ಹತ್ತು ಜನ ಅಂದರೆ ಎರಡೂ ತಲೆಮಾರಿನವರು.

ಎರಡು ಸೀಸನ್, ಎರಡರಲ್ಲೂ ಮೂರು-ಮೂರು. ಇದರಿಂದ ದೊಡ್ಡ ಸಿದ್ಧಾಂತ ಕಟ್ಟುವಂತಿಲ್ಲ, ಗೊತ್ತು. ಆದರೆ ಒಂದು ಕಾರಣ ಸ್ಪಷ್ಟ. ಮೈಬಲ ಲೆಕ್ಕಕ್ಕೆ ಬರುವುದು ತಂಡ ಇರುವವರೆಗೆ. ತಂಡ ಮುರಿದ ಮೇಲೆ ಗಟ್ಟಿಮುಟ್ಟಾದವರೇ ಎಲ್ಲರಿಗೂ ಅಪಾಯ, ಅವರನ್ನು ಮೊದಲು ಕಳಿಸುತ್ತಾರೆ; ನಂಬಿಸಬಲ್ಲವರು, ಸಿಟ್ಟು ತಡೆಯಬಲ್ಲವರು, ಯಾರ ಕಣ್ಣಿಗೂ ಚುಚ್ಚದೆ ಇರಬಲ್ಲವರು ಉಳಿಯುತ್ತಾರೆ. ಈ ಗುಣಗಳು ಯಾವ ವಯಸ್ಸಿನ ಸ್ವತ್ತೂ ಅಲ್ಲ.

ಇನ್ನು ಗೆರೆಯ ವಿಷಯ. 2010ರಲ್ಲಿ ಹಿರಿಯರಾಗಲು 40 ಆಗಿರಬೇಕಿತ್ತು. 2016ರಲ್ಲಿ 33 ಸಾಕಾಯಿತು. 2006ರಲ್ಲಿ ಪನಾಮಾದಲ್ಲಿ ನಡೆದ ಸೀಸನ್ನಿನಲ್ಲಿ ಹದಿನಾರು ಜನರನ್ನು ಹಿರಿಯ ಗಂಡಸರು, ಹಿರಿಯ ಹೆಂಗಸರು, ಕಿರಿಯ ಗಂಡಸರು, ಕಿರಿಯ ಹೆಂಗಸರು ಅಂತ ನಾಲ್ಕು ಪಾಲು ಮಾಡಿದ್ದರು. ಅದರಲ್ಲಿ ಸಿರಿ ಫೀಲ್ಡ್ಸ್ 35ನೇ ವಯಸ್ಸಿಗೆ ‘ಹಿರಿಯ ಹೆಂಗಸರ’ ತಂಡ ಸೇರಿದರು! ಸೋಫಾ ಮೇಲೆ ಕೂತು ಟಿವಿ ನೋಡುತ್ತಿದ್ದ ನರ್ಸ್ ಅಂತ ಪರಿಚಯವಾದ ಆಕೆ ನಾಲ್ಕನೇ ಸ್ಥಾನಕ್ಕೆ ಬಂದರು. ಮುಂದೆ ಇಂಥ ಆಟಗಳ ಅತ್ಯುತ್ತಮ ಆಟಗಾರ್ತಿಯರಲ್ಲಿ ಒಬ್ಬರು ಅಂತ ಹೆಸರಾದರು, 2023ರಲ್ಲಿ ‘ದಿ ಟ್ರೇಟರ್ಸ್’ ಅನ್ನುವ ಇನ್ನೊಂದು ಟಿವಿ ಆಟದ ಅಮೆರಿಕದ ಮೊದಲ ಸೀಸನ್ ಗೆದ್ದರು. 35ಕ್ಕೆ ಅವರನ್ನು ಹಿರಿಯರ ಸಾಲಿಗೆ ಹಾಕಿದ್ದು ಯಾವ ಆಧಾರದ ಮೇಲೆ? ಹೆಂಗಸರ ವಿಷಯದಲ್ಲಿ ಟಿವಿಯ ಗಡಿಯಾರ ಇನ್ನೂ ಜೋರಾಗಿ ಓಡುತ್ತದೆ ಅನ್ನುವುದು ನನ್ನ ಅನುಮಾನ, ಮತ್ತು ನಮ್ಮ ಧಾರಾವಾಹಿಗಳಲ್ಲಿ ನಾಯಕನಿಗಿಂತ ನಾಲ್ಕೈದು ವರ್ಷ ಮಾತ್ರ ದೊಡ್ಡವರಂತೆ ಕಾಣುವ ನಟಿಯರು ಅವನ ತಾಯಿಯ ಪಾತ್ರ ಮಾಡುವುದನ್ನು ನೋಡಿದವರಿಗೆ ಈ ಅನುಮಾನ ಹೊಸದೇನಲ್ಲ.

2016ರ ಕೆನ್ ಮೆಕ್‌ನಿಕಲ್ ಅವರಿಗೆ ಆಗ 33. ಕಾರ್ಯಕ್ರಮದ ಲೆಕ್ಕದಲ್ಲಿ ಅವರು ಜೆನ್ ಎಕ್ಸ್. ಆದರೆ ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ 2019ರಲ್ಲಿ ಕೊಟ್ಟ ವ್ಯಾಖ್ಯೆಯಲ್ಲಿ 1981ರಿಂದ 1996ರ ನಡುವೆ ಹುಟ್ಟಿದವರೆಲ್ಲ ಮಿಲೆನಿಯಲ್. ಅಂದರೆ ಕೆನ್ ಕೂಡ ಮಿಲೆನಿಯಲ್ಲೇ, ಕೊನೆಗೆ ಉಳಿದ ಆಡಮ್, ಹ್ಯಾನಾ, ಕೆನ್ ಮೂವರೂ ಒಂದೇ ತಲೆಮಾರಿನವರು! ಗೆರೆ ಇಷ್ಟು ಸಡಿಲ. 2021ರಲ್ಲಿ ಸಮಾಜಶಾಸ್ತ್ರಜ್ಞ ಫಿಲಿಪ್ ಕೋಹೆನ್ ಮುಂದಾಳತ್ವದಲ್ಲಿ ನೂರೈವತ್ತಕ್ಕೂ ಹೆಚ್ಚು ತಜ್ಞರು ಈ ಹಣೆಪಟ್ಟಿಗಳನ್ನು ಬಿಟ್ಟುಬಿಡಿ ಅಂತ ಪ್ಯೂಗೆ ಬಹಿರಂಗ ಪತ್ರ ಬರೆದರು. ಹುಟ್ಟಿದ ವರ್ಷದ ಈ ಗೆರೆಗಳಿಗೆ ವೈಜ್ಞಾನಿಕ ಆಧಾರ ಇಲ್ಲ, ಇವು ಜನರ ಬಗ್ಗೆ ಸಿದ್ಧ ಅಭಿಪ್ರಾಯಗಳನ್ನು ಬೆಳೆಸುತ್ತವೆ ಅನ್ನುವುದು ಅವರ ವಾದ. 2023ರಲ್ಲಿ ಪ್ಯೂ ಸಂಸ್ಥೆ, ಇನ್ನು ಮುಂದೆ ತಲೆಮಾರಿನ ಹೆಸರುಗಳನ್ನು ತುಂಬಾ ಎಚ್ಚರದಿಂದ, ಕಡಿಮೆ ಬಳಸುತ್ತೇವೆ ಅಂತ ಹೇಳಿತು. ಸಂಶೋಧಕರೇ ಹಿಂದೆ ಸರಿಯುತ್ತಿದ್ದಾರೆ. ನಾವು ಇಲ್ಲಿ, ಭಾರತದಲ್ಲಿ, ಅಮೆರಿಕದ ಯುದ್ಧೋತ್ತರ ಜನನದ ಲೆಕ್ಕದಿಂದ ಹುಟ್ಟಿದ ‘ಬೂಮರ್’ ಅನ್ನುವ ಪಟ್ಟಿಯನ್ನು ನಮ್ಮ ಚಿಕ್ಕಪ್ಪನಿಗೆ ಅಂಟಿಸುತ್ತಿದ್ದೇವೆ.

ಹಾಗಾದರೆ ಟಿವಿಗೆ ಈ ಗೆರೆ ಯಾಕೆ ಬೇಕು? ದುಡ್ಡಿನ ಕಾರಣ ಇದೆ, ಅದನ್ನು ಬಿಟ್ಟು ಮಾತಾಡಿದರೆ ಅರ್ಧ ವಿಷಯ ಮಾತ್ರ ಹೇಳಿದಂತೆ. ಅಮೆರಿಕದ ಟಿವಿ ದಶಕಗಳಿಂದ ವೀಕ್ಷಕರನ್ನು ವಯಸ್ಸಿನ ಪ್ರಕಾರ ತುಂಡು ಮಾಡಿ ಜಾಹೀರಾತುದಾರರಿಗೆ ಮಾರುತ್ತಾ ಬಂದಿದೆ. ಅಲ್ಲಿ 18-49 ಅನ್ನುವ ವಯಸ್ಸಿನ ಗುಂಪಿಗೆ ಸಿಗುವ ಬೆಲೆ 50 ದಾಟಿದವರಿಗೆ ಸಿಗುತ್ತಿರಲಿಲ್ಲ. ಒಟ್ಟು ವೀಕ್ಷಕರ ಲೆಕ್ಕದಲ್ಲಿ ಸಿಬಿಎಸ್, ಎನ್‌ಬಿಸಿಗಳಿಗಿಂತ ಹಿಂದಿದ್ದ ಎಬಿಸಿ ವಾಹಿನಿ, ‘ನಮ್ಮ ವೀಕ್ಷಕರು ಕಮ್ಮಿ ಇರಬಹುದು, ಆದರೆ ಎಳೆಯ ಕುಟುಂಬಗಳು’ ಅಂತ ಮಾರುವ ದಾರಿ ಹಿಡಿಯಿತು. 1970ರ ಸುಮಾರಿಗೆ ಸಿಬಿಎಸ್ ಕೂಡ, ಚೆನ್ನಾಗಿ ಓಡುತ್ತಿದ್ದರೂ ಹಳ್ಳಿಯವರು ಮತ್ತು ವಯಸ್ಸಾದವರು ನೋಡುತ್ತಿದ್ದ ಕಾರ್ಯಕ್ರಮಗಳನ್ನು ಒಂದಾದ ಮೇಲೊಂದು ನಿಲ್ಲಿಸಿತು. ಅಂದರೆ ವಯಸ್ಸಿನ ಗೆರೆ ಮೊದಲು ಬಂದದ್ದು ಲೆಕ್ಕದ ಪುಸ್ತಕಕ್ಕೆ. ಪರದೆಯ ಮೇಲೆ ಬಂದದ್ದು ಆಮೇಲೆ.

ಅದೇ ಎಬಿಸಿ 1969ರ ಫೆಬ್ರವರಿಯಲ್ಲಿ ‘ದಿ ಜನರೇಷನ್ ಗ್ಯಾಪ್’ ಅನ್ನುವ ಕ್ವಿಜ್ ಶುರು ಮಾಡಿತು. ಒಂದು ತಂಡ ಹರೆಯದವರದು, ಇನ್ನೊಂದು ದೊಡ್ಡವರದು. ಇವರ ಕಾಲದ ಪ್ರಶ್ನೆ ಅವರಿಗೆ, ಅವರ ಕಾಲದ್ದು ಇವರಿಗೆ. ಮೇ ತಿಂಗಳಲ್ಲಿ ನಿಂತೂ ಹೋಯಿತು. ಆ ವರ್ಷ ಅಮೆರಿಕ ಎಂಥ ಹೊತ್ತಿನಲ್ಲಿತ್ತು ಅಂತ ನೆನಪಿಸಿಕೊಳ್ಳಿ. ವಿಯೆಟ್ನಾಂ ಯುದ್ಧಕ್ಕೆ 18-19ರ ಹುಡುಗರನ್ನು ಸೇನೆಗೆ ಕರೆಸುತ್ತಿದ್ದರು, ಆದರೆ ಹೆಚ್ಚಿನ ರಾಜ್ಯಗಳಲ್ಲಿ ವೋಟು ಹಾಕಲು 21 ಆಗಬೇಕಿತ್ತು. 1971ರಲ್ಲಿ ಸಂವಿಧಾನ ತಿದ್ದಿದ ಮೇಲೆ ಅದು 18ಕ್ಕೆ ಇಳಿಯಿತು. ಆ ತಲೆಮಾರುಗಳ ನಡುವೆ ನಿಜವಾದ ಜಗಳ ಇತ್ತು, ಅದು ಜೀವದ ಮತ್ತು ಹಕ್ಕಿನ ಜಗಳ. ಟಿವಿ ಅದನ್ನು ಹಾಡು, ಡ್ರೆಸ್ಸು, ಆಡುಮಾತಿನ ಪ್ರಶ್ನೆಗಳಾಗಿ ಕುಗ್ಗಿಸಿ ಸಂಜೆಯ ಮನರಂಜನೆ ಮಾಡಿತು. ಅದೇ 1969ರಲ್ಲಿ ರಾಬರ್ಟ್ ಬಟ್ಲರ್ ಅನ್ನುವ ವೈದ್ಯರು, ವಯಸ್ಸಿನ ಕಾರಣಕ್ಕೆ ಜನರನ್ನು ಕೀಳಾಗಿ ಕಾಣುವುದೂ ಜನಾಂಗಭೇದ, ಲಿಂಗಭೇದಗಳಷ್ಟೇ ತಪ್ಪು ಅಂತ ವಾದಿಸಿ ಅದಕ್ಕೆ ‘ಏಜಿಸಂ’ ಅಂತ ಹೆಸರಿಟ್ಟರು. ಕ್ವಿಜ್ ಮೂರು-ನಾಲ್ಕು ತಿಂಗಳಿಗೆ ಮುಗಿಯಿತು, ಬಟ್ಲರ್ ಎತ್ತಿದ ಪ್ರಶ್ನೆ ಇನ್ನೂ ಮುಗಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪ್ರಕಾರ ಜಗತ್ತಿನಲ್ಲಿ ಇಬ್ಬರಲ್ಲಿ ಒಬ್ಬರಿಗೆ ವಯಸ್ಸಾದವರ ಬಗ್ಗೆ ಇಂಥ ಪೂರ್ವಗ್ರಹ ಇದೆ.

‘ಸರ್ವೈವರ್’ನ ಮೊದಲ ಸೀಸನ್ನೇ ಈ ವಿಷಯದಲ್ಲಿ ಒಳ್ಳೆಯ ಪಾಠ. 2000ದ ಬೇಸಿಗೆ, ಮಲೇಷ್ಯಾದ ಪುಲಾವ್ ಟಿಗಾ ದ್ವೀಪ. ಆಗ ವಯಸ್ಸಿನ ತಂಡಗಳಿರಲಿಲ್ಲ, ಎಲ್ಲರೂ ಬೆರೆತಿದ್ದರು. ಮೊದಲು ಹೊರಹೋದವರಿಗೆ 63, ಎರಡನೆಯವರಿಗೆ 64. ಅಯ್ಯೋ, ವಯಸ್ಸಾದವರನ್ನೇ ಕಳಿಸುತ್ತಾರೆ ಅಂದುಕೊಳ್ಳುವಷ್ಟರಲ್ಲಿ 72ರ ರೂಡಿ ಬೋಷ್ ಮೂರನೇ ಸ್ಥಾನಕ್ಕೆ ಬಂದು ನಿಂತರು. ನೌಕಾಪಡೆಯ ನಿವೃತ್ತ ಕಮಾಂಡೊ. ಅವರ ಜೊತೆಗಾರ ಯಾರು ಗೊತ್ತಾ? 39ರ ರಿಚರ್ಡ್ ಹ್ಯಾಚ್, ತಾನು ಸಲಿಂಗಿ ಅಂತ ಬಹಿರಂಗವಾಗಿ ಹೇಳಿಕೊಂಡವರು. ರೂಡಿಗೆ ಆ ವಿಷಯದಲ್ಲಿ ಹಳೆಯ ಕಾಲದ ಮುಜುಗರ ಇತ್ತು, ಅದನ್ನು ಮುಚ್ಚಿಡಲೂ ಇಲ್ಲ. ಆದರೂ ಕೊಟ್ಟ ಮಾತಿಗೆ ಕೊನೆತನಕ ನಿಂತರು. ಹ್ಯಾಚ್ ಗೆದ್ದರು. ಆ ಕೊನೆಯ ಕಂತನ್ನು ಐದು ಕೋಟಿಗೂ ಹೆಚ್ಚು ಜನ ನೋಡಿದರು. ವಯಸ್ಸಿನ ಪ್ರಕಾರ ಬೇಲಿ ಹಾಕಿದ್ದರೆ ಆ ಜೋಡಿ ಹುಟ್ಟುತ್ತಲೇ ಇರಲಿಲ್ಲ.

ತಲೆಮಾರುಗಳ ನಡುವೆ ವ್ಯತ್ಯಾಸವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ, ಮತ್ತು ಅದು ಮುಖ್ಯ. 2016ರ ಸೀಸನ್ನಿನಲ್ಲಿ ಒಂದು ಪ್ರಸಂಗ ಬರುತ್ತದೆ. ಬಾಸ್ಟನ್ನಿನ ಪೊಲೀಸ್ ಸಾರ್ಜೆಂಟ್ ಬ್ರೆಟ್ ಲಬೆಲ್, 42 ವರ್ಷ, ತಾನು ಸಲಿಂಗಿ ಅಂತ 28ರ ಝೀಕ್ ಸ್ಮಿತ್‌ಗೆ ಹೇಳುತ್ತಾರೆ. ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಝೀಕ್‌ಗೆ ತನ್ನ ಒಲವಿನ ಬಗ್ಗೆ ಸಲೀಸಾಗಿ ಮಾತಾಡಲು ಬರುತ್ತದೆ, ಬ್ರೆಟ್‌ಗೆ ಅದು ಅಷ್ಟು ಸುಲಭವಲ್ಲ. ಹದಿನಾಲ್ಕು ವರ್ಷದ ಅಂತರದಲ್ಲಿ ಸಮಾಜ ಎಷ್ಟು ಬದಲಾಯಿತು ಅನ್ನುವುದು ಆ ಇಬ್ಬರ ಮುಖದಲ್ಲೇ ಕಾಣುತ್ತದೆ. ಬೆಳೆಯುವ ಹೊತ್ತಿನಲ್ಲಿ ಯಾವ ಮಾತಿಗೆ ಹೆದರಬೇಕಿತ್ತು, ಯಾವ ಕೆಲಸ ಸಿಗುತ್ತಿತ್ತು, ಯಾವ ಕಾಯಿಲೆಗೆ ಔಷಧಿ ಇರಲಿಲ್ಲ, ಇವೆಲ್ಲ ತಲೆಮಾರಿನ ನಿಜವಾದ ಗುರುತುಗಳು. ನನಗೆ ಇಡೀ ಸೀಸನ್ನಿನಲ್ಲಿ ‘ಮಿಲೆನಿಯಲ್ಸ್ ವರ್ಸಸ್ ಜೆನ್ ಎಕ್ಸ್’ ಅನ್ನುವ ಹೆಸರಿಗೆ ಅರ್ಥ ಬಂದದ್ದು ಅಲ್ಲಿ ಒಂದೇ ಕಡೆ, ಮತ್ತು ಅಲ್ಲಿ ಆ ಇಬ್ಬರೂ ಎದುರಾಳಿಗಳಾಗಿರಲಿಲ್ಲ.

ಈಗ ಕ್ವಿಜ್ ಮಾದರಿಯ ಆಟಗಳಿಗೆ ಬರೋಣ, ಯಾಕೆಂದರೆ ನಮ್ಮ ವಾಹಿನಿಗಳು ಇಂಥದ್ದು ಮಾಡಿದರೆ ಮಾಡುವುದು ಇದನ್ನೇ. ಬಜರ್ ಒತ್ತುವ ಆಟದಲ್ಲಿ ವೇಗಕ್ಕೆ ಅಂಕ. ವೇಗ ವಯಸ್ಸಿನ ಜೊತೆ ಕಡಿಮೆಯಾಗುತ್ತದೆ ಅನ್ನುವುದು ನಿಜ. ಜೋಷುವಾ ಹಾರ್ಟ್‌ಶೋರ್ನ್ ಮತ್ತು ಲಾರಾ ಜರ್ಮೈನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆನ್‌ಲೈನ್ ಮೂಲಕ 48 ಸಾವಿರಕ್ಕೂ ಹೆಚ್ಚು ಜನ ಭಾಗವಹಿಸಿದ್ದರು. ಮಾಹಿತಿಯನ್ನು ಬೇಗ ಗ್ರಹಿಸುವ ಶಕ್ತಿ 18-19ರ ಸುಮಾರಿಗೇ ಶಿಖರ ಮುಟ್ಟುತ್ತದೆ. ಆದರೆ ಎದುರಿಗಿರುವವರ ಕಣ್ಣು ನೋಡಿ ಭಾವನೆ ಓದುವ ಶಕ್ತಿ 40-50ರ ವಯಸ್ಸಿನಲ್ಲಿ ಮೇಲಿರುತ್ತದೆ. ಶಬ್ದಭಂಡಾರ 60 ದಾಟಿದ ಮೇಲೆ, 70ರ ಹತ್ತಿರ ತುದಿಗೇರುತ್ತದೆ. ಅಂದರೆ ಎಲ್ಲದರಲ್ಲೂ ಒಟ್ಟಿಗೆ ಮೇಲಿರುವ ವಯಸ್ಸು ಅಂತ ಒಂದಿಲ್ಲ. ಬಜರ್ ಇಟ್ಟರೆ ಇಪ್ಪತ್ತರವರು ಗೆಲ್ತಾರೆ, ಪದಬಂಧ ಇಟ್ಟರೆ ಅರವತ್ತರವರು ಗೆಲ್ಲಬಹುದು. ಯಾವುದನ್ನು ಇಡಬೇಕು ಅಂತ ತೀರ್ಮಾನಿಸುವವರು ಆಟ ಆಡುವವರಲ್ಲ.

ಇನ್ನೊಂದು ಸಣ್ಣ ಪ್ರಯೋಗ ನನ್ನ ತಲೆಯಿಂದ ಹೋಗುವುದೇ ಇಲ್ಲ. 2001ರಲ್ಲಿ ತಮಾರಾ ರಹಲ್, ಲಿನ್ ಹ್ಯಾಷರ್ ಮತ್ತು ಸಂಗಡಿಗರು ಕಿರಿಯರಿಗೂ ಹಿರಿಯರಿಗೂ ಕ್ವಿಜ್‌ನಲ್ಲಿ ಬರುವಂಥ ಪುಟ್ಟ ಪುಟ್ಟ ಸಂಗತಿಗಳನ್ನು ಕಲಿಸಿ ಆಮೇಲೆ ಕೇಳಿದರು. ಕೆಲವರಿಗೆ ಸೂಚನೆ ಕೊಡುವಾಗ ಇದು ನೆನಪಿನ ಪರೀಕ್ಷೆ ಅಂತ ಒತ್ತಿ ಹೇಳಿದರು. ಇನ್ನು ಕೆಲವರಿಗೆ ನೆನಪು ಅನ್ನುವ ಮಾತನ್ನೇ ಎತ್ತಲಿಲ್ಲ. ನೆನಪಿನ ಪರೀಕ್ಷೆ ಅಂದಾಗ ಹಿರಿಯರು ಹಿಂದೆ ಬಿದ್ದರು. ಆ ಮಾತು ಇಲ್ಲದಾಗ ಎರಡೂ ವಯಸ್ಸಿನವರ ನಡುವೆ ವ್ಯತ್ಯಾಸ ಕಾಣಲಿಲ್ಲ! ಕೆಲಸ ಅದೇ, ಬದಲಾದದ್ದು ಸೂಚನೆ ಮಾತ್ರ. ಈಗ ಯೋಚಿಸಿ, ಜಗಮಗಿಸುವ ಸ್ಟುಡಿಯೋದಲ್ಲಿ, ‘ಹಿರಿಯರು’ ಅಂತ ದೊಡ್ಡ ಅಕ್ಷರದಲ್ಲಿ ಬರೆದ ಮೇಜಿನ ಹಿಂದೆ ಒಬ್ಬರನ್ನು ನಿಲ್ಲಿಸಿ, ಎದುರಿಗೆ ಕಾಲೇಜು ಹುಡುಗರನ್ನು ನಿಲ್ಲಿಸಿ, ನೆನಪಿದೆಯಾ ಅಂಕಲ್ ಅಂತ ನಿರೂಪಕ ಕಿಚಾಯಿಸಿದರೆ ಏನಾಗುತ್ತದೆ? ಫಲಿತಾಂಶದ ಒಂದು ಪಾಲು ಆ ಮೇಜಿನ ಬೋರ್ಡಿನಿಂದಲೇ ಬಂದಿರುತ್ತದೆ. ಅದನ್ನು ನಾವು ವಯಸ್ಸಿನ ಗುಣ ಅಂತ ಓದಿಕೊಳ್ಳುತ್ತೇವೆ.

ಇದನ್ನು ಹಗುರಾಗಿ, ಯಾರನ್ನೂ ನೋಯಿಸದೆ ಮಾಡಿದವರೂ ಇದ್ದಾರೆ. ಆಸ್ಟ್ರೇಲಿಯಾದ ಟೆನ್ ವಾಹಿನಿಯಲ್ಲಿ 2009ರಿಂದ 2012ರವರೆಗೆ ಬಂದ ‘ಟಾಕಿನ್ ಬೌಟ್ ಯುವರ್ ಜನರೇಷನ್’ ಅದಕ್ಕೆ ಉದಾಹರಣೆ. ನಿರೂಪಕ ಶಾನ್ ಮಿಕಾಲೆಫ್. ತಂಡ ಎರಡಲ್ಲ, ಮೂರು: ಬೇಬಿ ಬೂಮರ್, ಜೆನ್ ಎಕ್ಸ್, ಜೆನ್ ವೈ (ಅಂದರೆ ಮಿಲೆನಿಯಲ್ಸ್). ಮೂರು ಆದ ತಕ್ಷಣ ‘ನಾವು, ಅವರು’ ಅನ್ನುವ ಬಿಗಿ ಸಡಿಲವಾಗುತ್ತದೆ. ನಡುವಿನವರಿಗೆ ಎರಡೂ ಕಡೆಯ ಸಂಗತಿ ಗೊತ್ತಿರುತ್ತದೆ. ಮಿಕಾಲೆಫ್ ಅಂಕಗಳನ್ನು ಮನಸ್ಸಿಗೆ ಬಂದಂತೆ ಹಂಚುತ್ತಿದ್ದರು, ಯಾರು ಗೆದ್ದರು ಅನ್ನುವುದು ಯಾರಿಗೂ ಮುಖ್ಯ ಅನ್ನಿಸುತ್ತಿರಲಿಲ್ಲ. ಇನ್ನೊಂದು ಕಡೆಯಿಂದ, ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ 2007ರಲ್ಲಿ ಶುರುವಾದ, ಒಂದರಿಂದ ಐದನೇ ಕ್ಲಾಸಿನವರೆಗಿನ ಪಠ್ಯದ ಪ್ರಶ್ನೆಗಳನ್ನು ದೊಡ್ಡವರಿಗೆ ಕೇಳುವ ಆಟ ಬಂತು. ಅದರ ಹಿಂದಿ ರೂಪವನ್ನು 2008ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಶಾರುಖ್ ಖಾನ್ ನಡೆಸಿಕೊಟ್ಟರು. ಅಲ್ಲಿ ಮಕ್ಕಳು ಎದುರಾಳಿಗಳಲ್ಲ, ಸಹಾಯಕರು. ದೊಡ್ಡವರು ತಡವರಿಸಿದಾಗ ಮಕ್ಕಳ ಉತ್ತರ ನೋಡಿ ಬರೆಯುವ ಅವಕಾಶ ಇತ್ತು.

ಕನ್ನಡದಲ್ಲಿ ನಮ್ಮ ಟಿವಿ ಎಳೆದ ಗೆರೆಗಳು ಬೇರೆ. ಸುವರ್ಣ ವಾಹಿನಿಯ ‘ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು’, ‘ಹಳ್ಳಿ ಹೈದ ಪ್ಯಾಟೇಗ್ ಬಂದ’ ಕಾರ್ಯಕ್ರಮಗಳಲ್ಲಿ ಗೆರೆ ಇದ್ದದ್ದು ಹಳ್ಳಿ ಮತ್ತು ಪೇಟೆಯ ನಡುವೆ. 2024ರ ‘ಬಿಗ್ ಬಾಸ್ ಕನ್ನಡ’ 11ನೇ ಸೀಸನ್ನಿನಲ್ಲಿ ಮನೆಯನ್ನು ಸ್ವರ್ಗ, ನರಕ ಅಂತ ಇಬ್ಭಾಗ ಮಾಡಿದ್ದರು. ವಿಧಾನ ಮಾತ್ರ ಅದೇ: ಮೊದಲು ಬೇಲಿ ಹಾಕು, ಆಮೇಲೆ ಜಗಳ ನೋಡು. ಇದಕ್ಕೆ ಪೂರ್ತಿ ಬೇರೆಯಾಗಿ, ದೂರದರ್ಶನ ಚಂದನದಲ್ಲಿ 2002ರಿಂದ ನಾ. ಸೋಮೇಶ್ವರ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ ಇದೆ. ಅಲ್ಲಿ ಸ್ಪರ್ಧಿಗಳನ್ನು ವಯಸ್ಸಿನ ತಂಡ ಮಾಡಿ ಕೂರಿಸುವುದಿಲ್ಲ, ಬಹುಮಾನ ಪುಸ್ತಕ. ಅದು ಇಷ್ಟು ವರ್ಷ ಓಡಿದ್ದು ಜಗಳ ಇಲ್ಲದೆಯೂ ಜನ ನೋಡುತ್ತಾರೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ.

ವಯಸ್ಸಿನ ಗೆರೆಯ ಆಟ ಕನ್ನಡಕ್ಕೆ ಬಂದರೆ ನನಗೆ ಆತಂಕ ಇರುವುದು ಒಂದು ವಿಷಯದಲ್ಲಿ. ಹಿರಿಯರಿಗೆ ರೀಲ್ಸ್, ಎಮೋಜಿ, ಇಂಗ್ಲಿಷ್ ಸ್ಲ್ಯಾಂಗ್ ಕೇಳಿ ನಗುವುದು ತುಂಬಾ ಸುಲಭ. ಅವರು ತಪ್ಪು ಹೇಳಿದ ತುಣುಕು ಮರುದಿನ ಎಲ್ಲರ ಫೋನಿನಲ್ಲಿ ಓಡುತ್ತದೆ. ಕಿರಿಯರಿಗೆ ಕೇಳುವ ಹಳೇ ಕಾಲದ ಪ್ರಶ್ನೆಯೂ ಸಾಮಾನ್ಯವಾಗಿ ಹಳೇ ಸಿನಿಮಾ ಹಾಡಿಗೆ ನಿಂತುಬಿಡುತ್ತದೆ. ಒಬ್ಬ ಅಜ್ಜಿಗೆ ಗೊತ್ತಿರುವುದು ಹಾಡು ಮಾತ್ರವಾ? ಬಿತ್ತನೆ ಬೀಜ ಹೇಗೆ ಕಾಪಿಡುತ್ತಿದ್ದರು, ಕರೆಂಟ್ ಇಲ್ಲದ ಮನೆಯಲ್ಲಿ ಬಾಣಂತನ ಹೇಗೆ ನಡೆಯುತ್ತಿತ್ತು, ಒಂದು ಟ್ರಂಕ್ ಕಾಲ್‌ಗೆ ಎಷ್ಟು ಹೊತ್ತು ಕಾಯಬೇಕಿತ್ತು ಅಂತ ಕೇಳಿ. ಹುಡುಗರಿಗೂ ಅಷ್ಟೇ. ಅವರಿಗೆ ಗೊತ್ತಿರುವುದು ಬರೀ ಡ್ಯಾನ್ಸ್ ಅಲ್ಲ. ಮನೆಯ ಎಲ್ಲರ ಆನ್‌ಲೈನ್ ಅರ್ಜಿ ತುಂಬುವವರು, ಮೋಸದ ಕರೆ ಯಾವುದು ಅಂತ ಗುರುತಿಸಿ ಅಪ್ಪ ಅಮ್ಮನ ಬ್ಯಾಂಕ್ ಖಾತೆ ಉಳಿಸುವವರು ಅವರೇ ಅಲ್ವಾ.

ಅರ್ಧ ದಾರಿಯಷ್ಟಾದರೂ ಈ ಕಡೆ ಬಂದ ಮಾದರಿ ಒಂದಿದೆ. 2022ರಲ್ಲಿ ಅದೇ ಎಬಿಸಿ ವಾಹಿನಿ ಕೆಲ್ಲಿ ರಿಪಾ ನಿರೂಪಣೆಯಲ್ಲಿ ‘ಜನರೇಷನ್ ಗ್ಯಾಪ್’ ಅನ್ನುವ ಹೆಸರಿನಲ್ಲೇ ಒಂದು ಹೊಸ ಆಟ ತಂದಿತು. 1969ರಲ್ಲಿ ತಲೆಮಾರುಗಳು ಎದುರು-ಬದುರು ನಿಂತಿದ್ದವು. ಈ ಸಲ ಒಂದೇ ಕುಟುಂಬದ ಹಿರಿಯರು, ಕಿರಿಯರು ಒಂದೇ ತಂಡ. ಅಜ್ಜನ ಕಾಲದ ಪ್ರಶ್ನೆ ಮೊಮ್ಮಗಳಿಗೆ, ಮೊಮ್ಮಗಳ ಕಾಲದ್ದು ಅಜ್ಜನಿಗೆ. ತಪ್ಪಿದರೆ ಇಬ್ಬರಿಗೂ ನಷ್ಟ, ಗೆದ್ದರೆ ಇಬ್ಬರಿಗೂ ಲಾಭ. ಪ್ರಶ್ನೆಗಳು ಆಗಲೂ ಹಾಡು, ಸಿನಿಮಾ, ಜಾಹೀರಾತುಗಳ ಸುತ್ತಲೇ ಸುತ್ತುತ್ತಿದ್ದವು, ಅದು ಅದರ ಕೊರತೆ. ಆದರೆ ಬೇಲಿಯ ಜಾಗ ಬದಲಾಗಿತ್ತು: ಸ್ಪರ್ಧೆ ಇದ್ದದ್ದು ಎರಡು ಮನೆಗಳ ನಡುವೆ, ಎರಡು ವಯಸ್ಸುಗಳ ನಡುವೆ ಅಲ್ಲ. ಜಗಳ ಇಲ್ಲದಿದ್ದರೆ ಟಿಆರ್‌ಪಿ ಬರಲ್ಲ ಅಂತ ನಮ್ಮ ವಾಹಿನಿಯವರು ಹೇಳುವುದು ಸುಮ್ನೆ. ಎಬಿಸಿ ಅದನ್ನು 2023ರಲ್ಲಿ ಎರಡನೇ ಸೀಸನ್‌ಗೂ ಮುಂದುವರಿಸಿತು.